ಮಡಚಿ ಹೊಲಿದ ಮೂಲೆ

ಮಂಗಳವಾರ, ಮಾರ್ಚ್ ೧೨
ಲೈಬ್ರರಿಯ ಕಿಟಕಿ ಪಕ್ಕದ ಮೇಜು

ಪ್ರೀತಿಯ ಅಪ್ಪ,

ಮೊದಲು ಕ್ಷಮಿಸು. ಫೋನು ಪಕ್ಕದಲ್ಲೇ ಇಟ್ಟುಕೊಂಡು ಕಾಗದ ಬರೆಯುತ್ತಿದ್ದೇನೆ. ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ನಿನ್ನ ಎದೆ ಧಸಕ್ಕೆಂದಿರುತ್ತದೆ, ಗೊತ್ತು. ಹಾಸ್ಟೆಲ್‌ನಿಂದ ವಾರದ ನಡುವೆ ಕಾಗದ ಬಂದದ್ದು ಒಂದೇ ಸಲ, ನನಗೆ ಕಾಮಾಲೆಯಾದಾಗ. ಈಗ ಅಂಥದ್ದೇನೂ ಆಗಿಲ್ಲ. ಜ್ವರ ಇಲ್ಲ, ಕೈಕಾಲು ಮುರಿದಿಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಗುಟ್ಟಾಗಿ ಮದುವೆಯನ್ನೂ ಮಾಡಿಕೊಂಡಿಲ್ಲ. ಆದರೂ ಬಾಗಿಲಲ್ಲೇ ನಿಂತು ಓದಬೇಡ. ಚಪ್ಪಲಿ ಬಿಚ್ಚು, ಕುರ್ಚಿ ಎಳೆದುಕೊ, ಕೂತು ಓದು.

ಫೋನಿನಲ್ಲಿ ಹೇಳಬಹುದಿತ್ತು ನಿಜ. ಆದರೆ ಯಂತ್ರದ ಸದ್ದಿಗೆ ನಿನ್ನ ಕಿವಿ ಮಂದವಾದ ಮೇಲೆ ನೀನು ಫೋನನ್ನು ಸ್ಪೀಕರಿಗೇ ಹಾಕುತ್ತೀಯ. ನಾನು ಮಾತಾಡುವುದು ನಿನಗೊಬ್ಬನಿಗಲ್ಲ, ನಿಮ್ಮ ಆಸ್ಪತ್ರೆಯ ಇಡೀ ಲಾಂಡ್ರಿಗೆ. ಹೋದ ಭಾನುವಾರ ನೆಗಡಿ ಅಂದದ್ದಕ್ಕೆ ಹಿಂಡುವ ಯಂತ್ರದ ಅತ್ತೆ ಹಿಂದಿನಿಂದ ಆವಿ ತಗೊಳ್ಳಮ್ಮ ಅಂದರು, ಬಾಯ್ಲರ್ ಅಣ್ಣ ಆವಿ ಬೇಕಾದರೆ ಇಲ್ಲಿಗೇ ಬಾ, ಆಸ್ಪತ್ರೆಯ ಆವಿಯೆಲ್ಲ ನಿಮ್ಮಪ್ಪನದೇ ಅಂದ. ಈಗ ಬರೆಯುತ್ತಿರುವುದನ್ನು ಅವರ್‍ಯಾರೂ ಕೇಳಬಾರದು. ನೀನೊಬ್ಬನೇ ಓದಬೇಕು.

ಇನ್ನೊಂದು ಕ್ಷಮೆ ನನ್ನ ಭಾಷೆಗೆ. ನಾನು ಓದಿದ್ದು, ಬರೆದದ್ದು, ಬೈಸಿಕೊಂಡದ್ದು ಎಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಉದ್ದಕ್ಕೆ ಬರೆದದ್ದು ನಿನಗೊಬ್ಬನಿಗೆ, ಅದೂ ಭಾನುವಾರ ಸಂಜೆ ಐದರಿಂದ ಐದೂವರೆಯ ತನಕ, ಹಾಸ್ಟೆಲಿನ ಮೇಟ್ರನ್ ಬೋರ್ಡಿನ ಮೇಲೆ ಬರೆದಿಟ್ಟ ಸಾಲುಗಳನ್ನು ನೋಡಿಕೊಂಡು. ನಾನು ಆರೋಗ್ಯವಾಗಿದ್ದೇನೆ, ಓದು ಚೆನ್ನಾಗಿ ನಡೆಯುತ್ತಿದೆ, ನಿಮ್ಮ ಆರೋಗ್ಯ ನೋಡಿಕೊಳ್ಳಿ. ಅವರು ಓದಿ ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿದ ಮೇಲೆಯೇ ಲಕೋಟೆ ಅಂಟಿಸಬೇಕಿತ್ತು. ಹಾಗಾಗಿ ಕಾಗದ ಅಂದರೆ ಬರೆಯಬೇಕಾದ ಒಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆಯುವುದು ಅಂತ ಏಳನೇ ವಯಸ್ಸಿಗೇ ಕಲಿತೆ. ಆ ವಿದ್ಯೆ ನನಗೆ ಎಷ್ಟು ಚೆನ್ನಾಗಿ ಬಂತು ಅನ್ನುವುದೇ ಈ ಕಾಗದದ ವಿಷಯ.

ನಾನು ಇಲ್ಲಿ ಏನು ಮಾಡುತ್ತೇನೆ ಅಂತ ನೀನು ಕೇಳಿದಾಗಲೆಲ್ಲ ಬ್ಯಾಟರಿ ಅಂದು ಮುಗಿಸಿದ್ದೇನೆ. ಸರಿಯಾಗಿ ಹೇಳಬೇಕೆಂದರೆ ಅದು ಬ್ಯಾಟರಿ ಅಲ್ಲ, ಅದರ ಚುರುಕು ತಂಗಿ. ಬ್ಯಾಟರಿ ಕರೆಂಟನ್ನು ಒಳಗೆ ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ನಮ್ಮದು ಟವೆಲ್ ನೀರು ಹಿಡಿದ ಹಾಗೆ ಮೈಮೇಲೆ ಹಿಡಿದಿಟ್ಟುಕೊಂಡು, ಬೇಕೆಂದ ಕೂಡಲೇ ಬಿಡುತ್ತದೆ. ಮೈ ದೊಡ್ಡದಾದಷ್ಟೂ ಹೆಚ್ಚು ಹಿಡಿಯುತ್ತದೆ. ಅದಕ್ಕೇ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ಇದ್ದಿಲು ಬೇಕು. ಒಂದು ಚಿಟಿಕೆ ಇದ್ದಿಲಿನ ಒಳಗಿನ ತೂತುಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ನೀವು ಬಟ್ಟೆ ಒಣಗಿಸುವ ಅಂಗಳ ತುಂಬುತ್ತದೆ ಅಂದರೆ ನಂಬುತ್ತೀಯಾ? ನಾನೂ ನಂಬಿರಲಿಲ್ಲ, ಅಳೆದು ತೋರಿಸಿದರು.

ನಮ್ಮ ಲ್ಯಾಬಿನ ಕೆಲಸ ಅದನ್ನು ಬಾಗುವ ಹಾಗೆ ಮಾಡುವುದು. ರೋಗಿಯ ತೋಳಿಗೆ ಸುತ್ತಿದ ಬ್ಯಾಂಡೇಜಿನೊಳಗೆ ಇಟ್ಟು, ಗಾಯ ಬಿಸಿಯಾಗುತ್ತಿದೆಯೇ ಅಂತ ನೋಡುವ ಒಂದು ಪುಟ್ಟ ಸಾಧನಕ್ಕೆ ಶಕ್ತಿ ಕೊಡಬೇಕು. ಕೈ ಮಡಚಿದರೆ ಅದೂ ಮಡಚಬೇಕು, ಬಿರುಕು ಬಿಡಬಾರದು. ಇದ್ದಿಲ ಪುಡಿಯನ್ನು ಹಾಳೆಗೆ ಬಳಿದರೆ ಉದುರುತ್ತದೆ. ಅದಕ್ಕೆ ಹತ್ತಿ ಬಟ್ಟೆಯನ್ನೇ ಇದ್ದಿಲು ಮಾಡುತ್ತೇವೆ. ಎರಡು ಬೆರಳಗಲದ ಪಟ್ಟಿಗಳನ್ನು ಕ್ಷಾರದಲ್ಲಿ ನೆನೆಸಿ, ಒಣಗಿಸಿ, ಗಾಳಿ ತಾಗದಂತೆ ನೈಟ್ರೋಜನ್ ಬಿಟ್ಟ ಕೊಳವೆ ಕುಲುಮೆಯಲ್ಲಿ ಎಂಟುನೂರು ಡಿಗ್ರಿಗೆ ಕಾಯಿಸುವುದು. ನಿನ್ನ ಸೋಡಾ ಕೊಳೆಯನ್ನು ತಿನ್ನುತ್ತದೆ, ನಮ್ಮ ಕ್ಷಾರ ಆ ಉರಿಯಲ್ಲಿ ಇದ್ದಿಲನ್ನೇ ತಿಂದು ತೂತು ಮಾಡುತ್ತದೆ. ಗಾಳಿ ಇಲ್ಲದ್ದರಿಂದ ಬೂದಿಯಾಗುವುದಿಲ್ಲ. ಬಟ್ಟೆ ಕುಗ್ಗಿ ಕರ್‍ರಗಾಗಿ ಹೊರಬರುತ್ತದೆ, ಆದರೆ ನೇಯ್ಗೆ ಎಳೆ ಎಳೆಯಾಗಿ ಹಾಗೇ ಇರುತ್ತದೆ. ಆಮೇಲೆ ತೊಳೆಯುವುದು. ತೊಳೆದ ನೀರಲ್ಲಿ ಕ್ಷಾರ ಉಳಿದಿದೆಯೇ ಅಂತ ತೋರಿಸುವ ಕಾಗದ ಅದ್ದಿ, ಅದರ ಬಣ್ಣ ಬದಲಾಗುವುದು ನಿಲ್ಲುವ ತನಕ ತೊಳೆಯುವುದು. ಲ್ಯಾಬಿಗೆ ಬಂದ ಮೊದಲ ತಿಂಗಳು ನಾನು ಮಾಡಿದ್ದು ಅದೊಂದೇ. ಇವಳ ಕೈ ಒಗೆಯುವುದಕ್ಕೆ ಹುಟ್ಟಿದ ಕೈ ಅಂತ ಒಬ್ಬ ಸೀನಿಯರ್ ಹೊಗಳಿದ. ಯಾರ ಮಗಳು ಅಂತ ನಾನು ಹೇಳಲಿಲ್ಲ.

ಹೊಗಳಿದವನ ವಿಷಯ ಬಿಡು. ನಿನಗೆ ಹೇಳಬೇಕಾದದ್ದು ತಕ್ಕಡಿ ಅಕ್ಕನ ಬಗ್ಗೆ. ಐದನೇ ವರ್ಷದ ಸಂಶೋಧನೆಯಲ್ಲಿದ್ದಾಳೆ. ಯಾವುದನ್ನೂ ಮೂರು ಸಲ ತೂಗದೆ ಬರೆಯುವವಳಲ್ಲ, ತೂಗುವಾಗ ಪಕ್ಕದಲ್ಲಿ ಉಸಿರಾಡಿದರೂ ಮಾರು ದೂರ ಹೋಗಿ ಉಸಿರಾಡು ಅಂತ ಗದರುತ್ತಾಳೆ, ಅದಕ್ಕೇ ಆ ಹೆಸರು. ನನಗೆ ತನ್ನ ಹಳೆಯ ಕೋಟು ಕೊಟ್ಟು, ತೋಳು ಎಷ್ಟು ಮಡಚಬೇಕು ಅಂತ ಮಡಚಿ ತೋರಿಸಿದಳು. ನಾನು ಒಬ್ಬಳೇ ಮೆಸ್ಸಿಗೆ ಹೋಗಲು ಹೆದರಿ ಬಿಸ್ಕತ್ತಿನಲ್ಲಿ ದಿನ ಕಳೆಯುತ್ತಿದ್ದೇನೆ ಅಂತ ಮೂರನೇ ದಿನವೇ ಕಂಡುಹಿಡಿದು, ನಡಿ ಇಲಿಮರಿ ಅಂತ ಎಳೆದುಕೊಂಡು ಹೋದವಳು. ಅಂದಿನಿಂದ ಮಧ್ಯಾಹ್ನ ಅವಳ ಎದುರಿನ ಕುರ್ಚಿ ನನ್ನದು.

ಅಕ್ಟೋಬರಿನಲ್ಲಿ ಅವಳು ನನಗೆ ಒಂದು ಚೀಟಿ ಕೊಟ್ಟು ಸಗಟು ಬಟ್ಟೆ ಅಂಗಡಿಗೆ ಕಳಿಸಿದಳು. ಲ್ಯಾಬಿಗೆ ಹೊಸ ಹತ್ತಿ ಬಟ್ಟೆ ತರಬೇಕು. ನಾನು ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ, ನಿನಗೆ ಗೊತ್ತಲ್ಲ ನನ್ನ ಚಾಳಿ. ಅಷ್ಟರಲ್ಲಿ ಚೀಟಿ ಬೆವರಿಗೆ ಒದ್ದೆಯಾಗಿ ಅಕ್ಷರ ಕಲಸಿಹೋಗಿತ್ತು. ಅಂಗಡಿಯವನು ಎಷ್ಟು ಕೌಂಟಿನ ನೂಲು, ಕೋರಾನೋ ಬ್ಲೀಚೋ, ಅಗಲ ಎಷ್ಟು ಅಂತ ಒಂದೇ ಉಸಿರಿಗೆ ಕೇಳಿದ. ನಾನು ಬಿಳಿ ಅಂದೆ. ಬಿಳಿ ಅನ್ನುವುದು ಬಣ್ಣ ಕಣಮ್ಮ, ಬಟ್ಟೆ ಯಾವುದು ಹೇಳು ಅಂದ. ಹಿಂದೆ ನಿಂತವರು ನಕ್ಕರು. ನಾಳೆ ಬರುತ್ತೇನೆ ಅಂತ ಹೇಳಿ ಬಂದುಬಿಟ್ಟೆ.

ಲ್ಯಾಬಿಗೆ ಬಂದು ಇದನ್ನೇ ಹೇಳಿದ್ದರೆ ಎರಡು ನಿಮಿಷದ ನಗೆಯಾಗಿ ಮುಗಿಯುತ್ತಿತ್ತು. ನಾನು ತಂದಿದ್ದೇನೆ ಅಂದೆ. ಕೋಣೆಗೆ ಹೋಗಿ, ನೀನು ಹಾಸ್ಟೆಲಿಗೆ ಹೊಲಿದುಕೊಟ್ಟ ಬೆಡ್‌ಶೀಟ್‌ಗಳಲ್ಲಿ ಕೊನೆಗೆ ಉಳಿದಿದ್ದ ಒಂದನ್ನು ತೆಗೆದೆ. ಅದು ಬೆಡ್‌ಶೀಟಾಗಿ ಉಳಿದೇ ಇರಲಿಲ್ಲ. ನಡುವೆ ಹರಿದು, ಹರಿದದ್ದನ್ನು ಕತ್ತರಿಸಿ, ಟವೆಲಿಗಿಂತ ಸ್ವಲ್ಪ ದೊಡ್ಡದಾಗಿ ಉಳಿದಿತ್ತು. ಲೋಟ ತಟ್ಟೆ ಸುತ್ತಿಡುತ್ತಿದ್ದೆ. ಬಿಳಿ, ಹತ್ತಿ, ಇವತ್ತಿನ ಅಭ್ಯಾಸಕ್ಕೆ ಸಾಕು ಅಂದುಕೊಂಡೆ. ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಮೂರು ಸಲ ಕುಲುಮೆ ತುಂಬಿದೆ. ಲ್ಯಾಬಿನ ಪುಸ್ತಕದಲ್ಲಿ ಬಟ್ಟೆ ಎಲ್ಲಿಯದು ಅನ್ನುವ ಕಡೆ ಆ ಸಗಟು ಅಂಗಡಿಯ ಹೆಸರು ಬರೆದೆ. ಮರುವಾರ ಗಟ್ಟಿ ಮನಸ್ಸು ಮಾಡಿ ಬೇರೆ ಚೀಟಿ ಬರೆಸಿಕೊಂಡು ಹೋಗಿ ನಿಜವಾಗಿಯೂ ತಂದೆ. ಬಿಳಿ ಬಟ್ಟೆಗೆ ಬಿಳಿ ಬಟ್ಟೆ, ಲೆಕ್ಕ ಸರಿಹೋಯಿತು ಅಂತ ಅವತ್ತು ಚೆನ್ನಾಗಿ ನಿದ್ದೆಯನ್ನೂ ಮಾಡಿದೆ ಅಪ್ಪ.

ಆ ಮೊದಲ ಪಟ್ಟಿಗಳನ್ನು ಜನವರಿಯಲ್ಲಿ ಪರೀಕ್ಷೆಗೆ ಹಾಕಿದರು. ಬಗ್ಗಿಸುವ ಯಂತ್ರವೊಂದಿದೆ, ಪೆನ್ಸಿಲ್ ದಪ್ಪದ ಕಂಬಿಗೆ ಪಟ್ಟಿಯನ್ನು ಬಗ್ಗಿಸಿ ಬಿಡುತ್ತಾ ಎಣಿಸುತ್ತದೆ. ಅಲ್ಲಿಯತನಕ ನಮ್ಮ ಯಾವ ಪಟ್ಟಿಯೂ ನಾನೂರು ದಾಟಿರಲಿಲ್ಲ. ಇದು ಐದು ಸಾವಿರ ಸಲ ಬಾಗಿಯೂ ಮೊದಲಿನಷ್ಟೇ ಶಕ್ತಿ ಹಿಡಿಯುತ್ತಿತ್ತು. ತಕ್ಕಡಿ ಅಕ್ಕ ಯಂತ್ರ ಕೆಟ್ಟಿದೆ ಅಂತ ಬಿಚ್ಚಿ ನೋಡಿದಳು. ಕೆಟ್ಟಿರಲಿಲ್ಲ. ಇಡೀ ಲ್ಯಾಬು ಸುತ್ತ ನಿಂತಿತು. ಮೇಷ್ಟ್ರು, ಅಂದರೆ ನಮ್ಮ ಪ್ರೊಫೆಸರ್, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಅಕ್ಕ ನನ್ನ ತಲೆ ಸವರಿ, ಇಲಿಮರಿ ಒಗೆದದ್ದು, ಅದಕ್ಕೇ ಅಂದಳು. ಅವಳ ಐದು ವರ್ಷದ ಕೆಲಸದ ಕೊನೆಯ ಅಧ್ಯಾಯ ಅಲ್ಲಿ ಸಿಕ್ಕಿತು. ಅದನ್ನು ಹಣ ಮಂಜೂರು ಮಾಡುವ ಸಮಿತಿಗೆ ತೋರಿಸಿದರು. ಸಮಿತಿಯವರು ಇನ್ನೊಮ್ಮೆ ಮಾಡಿ ತೋರಿಸಿ ಅಂದರು.

ಅಲ್ಲಿಂದ ಆರು ವಾರ ಅವಳು ಮಾಡಿದಳು. ಹೊಸ ಬಟ್ಟೆ, ಅದೇ ಕ್ಷಾರ, ಅದೇ ಕುಲುಮೆ. ಮುನ್ನೂರು ಸಲಕ್ಕೆ ಬಿರುಕು. ಹೊಸ ಬಟ್ಟೆಯನ್ನು ಹತ್ತು ಸಲ ಒಗೆದು ಮಾಡಿದಳು, ನಾನೂರೈವತ್ತಕ್ಕೆ ಬಿರುಕು. ಬೇರೆ ಹತ್ತಿ ನೋಡೋಣ ಅಂತ ಒಬ್ಬ ತನ್ನ ಬನಿಯನ್ ತಂದುಕೊಟ್ಟ, ಶುದ್ಧ ಹತ್ತಿ ಅಂತ ಲೇಬಲ್ ಇತ್ತು. ಅದು ಕುಲುಮೆಯೊಳಗೆ ಕರಗಿ ಮೇಣದ ಹಾಗೆ ಅಂಟಿಕೊಂಡಿತು. ಆರು ವರ್ಷ ಇದನ್ನು ಹತ್ತಿ ಅಂತ ಹಾಕಿಕೊಂಡು ಓಡಾಡಿದ್ದೀನಲ್ಲ ಅಂತ ಅವನು ಗೊಣಗಿದ. ಆ ಆರು ವಾರದಲ್ಲಿ ನಾವು ನಕ್ಕದ್ದು ಅದೊಂದೇ ಸಲ.

ನನಗೆ ಯಾವಾಗ ಗೊತ್ತಾಯಿತು ಅಂತ ನೀನು ಕೇಳುತ್ತೀಯ. ಎರಡನೇ ವಾರಕ್ಕೇ ಗೊತ್ತಾಯಿತು. ಹತ್ತು ಸಲ ಒಗೆದದ್ದು ಹೊಸದಕ್ಕಿಂತ ಸ್ವಲ್ಪ ಮೇಲು ಅಂದಾಗಲೇ ನನಗೆ ನನ್ನ ಬೆಡ್‌ಶೀಟು ನೆನಪಾಯಿತು. ನೂರಾರು ಸಲ ಸೋಡಾದಲ್ಲಿ ಕುದಿದ ಬಟ್ಟೆಯಲ್ಲಿ ಗಂಜಿ ಇರುವುದಿಲ್ಲ, ಹತ್ತಿಯ ಮೇಣ ಇರುವುದಿಲ್ಲ, ಎಳೆಯೆಲ್ಲ ಸಡಿಲವಾಗಿ ಮೆತ್ತಗಾಗಿರುತ್ತದೆ. ಕ್ಷಾರ ಅದರ ತಿರುಳಿನ ತನಕ ಸಮನಾಗಿ ಇಳಿಯುತ್ತದೆ. ಇದು ನನ್ನ ಊಹೆ, ಸರಿ ಇರಬಹುದು, ತಪ್ಪೂ ಇರಬಹುದು. ಆದರೆ ಬಟ್ಟೆ ಬೇರೆ ಅನ್ನುವುದು ಊಹೆ ಅಲ್ಲ. ದಿನಾ ಬೆಳಿಗ್ಗೆ ಹೇಳಬೇಕು ಅಂತ ಹೋಗುತ್ತಿದ್ದೆ. ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೇ ಹೋಗುತ್ತಿದ್ದೆ. ಅವಳು ನನಗೆ ಊಟದ ತಟ್ಟೆ ತಂದಿಟ್ಟಾಗ ಆ ವಾಕ್ಯ ಎಲ್ಲಿ ಹೋಗುತ್ತಿತ್ತೋ.

ಹೋದ ವಾರ ಸಮಿತಿಯ ಒಬ್ಬರು ಲ್ಯಾಬಿಗೆ ಬಂದಿದ್ದರು. ಒಂದೇ ಸಲ ಬಂದದ್ದು ಫಲಿತಾಂಶ ಅಲ್ಲ, ಅದೃಷ್ಟ, ಅದೃಷ್ಟವೂ ಅಲ್ಲದಿದ್ದರೆ ಅದಕ್ಕೆ ಬೇರೆ ಹೆಸರಿದೆ ಅಂತ ಎಲ್ಲರ ಎದುರು ಅಕ್ಕನಿಗೆ ಹೇಳಿ ಹೋದರು. ಇದೇ ೨೨, ಶುಕ್ರವಾರ, ಸಮಿತಿ ಮತ್ತೆ ಕೂರುತ್ತದೆ. ಅಷ್ಟರೊಳಗೆ ಮಾಡಿ ತೋರಿಸದಿದ್ದರೆ ಆ ಅಧ್ಯಾಯ ಹೋಗುತ್ತದೆ, ಅವಳ ವಿದ್ಯಾರ್ಥಿವೇತನ ಹೋಗುತ್ತದೆ, ಅವಳು ಡಿಗ್ರಿ ಇಲ್ಲದೆ ಮನೆಗೆ ಹೋಗುತ್ತಾಳೆ. ಹೋಗುವಾಗ ಅಂಕಿ ತಿದ್ದಿದವಳು ಅನ್ನುವ ಹೆಸರೂ ಅವಳ ಜೊತೆಗೇ ಹೋಗುತ್ತದೆ. ಮೂರು ಸಲ ತೂಗುವವಳು ಅಪ್ಪ.

ನಿನ್ನೆ ಮಧ್ಯಾಹ್ನ ನೋಡಿದರೆ ಅವಳು ನಾಲ್ಕನೇ ಸಲ ತೂಗುತ್ತಿದ್ದಳು. ಇಕ್ಕಳ ಕೆಳಗಿಟ್ಟಳು. ನನ್ನ ಕಡೆ ತಿರುಗಿ, ನೀನು ಮಾಡಿದಾಗ ಬಂತು, ನಾನು ಮಾಡಿದರೆ ಬರುತ್ತಿಲ್ಲ, ನನ್ನ ಕೈಯಲ್ಲೇ ಏನೋ ಕೆಟ್ಟಿದೆ ಕಣೇ ಅಂದಳು. ಆಗ ನನ್ನ ಬಾಯಿಂದ ಬಂದದ್ದು ಬಾಯಿಪಾಠದ ವಾಕ್ಯ ಅಲ್ಲ. ಅದು ಅಂಗಡಿ ಬಟ್ಟೆ ಅಲ್ಲ ಅಕ್ಕ, ನನ್ನ ಬೆಡ್‌ಶೀಟು ಅಂದೆ.

ಅವಳು ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಂಡಳು. ಆರು ವಾರ ಅಂದಳು. ಆಮೇಲೆ, ಬೆಡ್‌ಶೀಟು ಸುಟ್ಟು ಸಮಿತಿಗೆ ತೋರಿಸಿದವಳು ನಾನೊಬ್ಬಳೇ ಇರಬೇಕು ಅಂತ ನಕ್ಕಳು. ಅವಳು ಬೈದಿದ್ದರೆ ವಾಸಿಯಿತ್ತು. ಇವತ್ತು ಬೆಳಿಗ್ಗೆ ಅವಳೇ ನನ್ನನ್ನು ಮೇಷ್ಟ್ರ ಕೋಣೆಗೆ ಕರೆದುಕೊಂಡು ಹೋದಳು. ಬಾಗಿಲ ಹತ್ತಿರ, ಒಳಗೆ ಹೋಗಿ ಅಳಬೇಡ, ಅಳುವವರ ಮಾತನ್ನು ಅವರು ಅರ್ಧ ಮಾತ್ರ ಕೇಳುತ್ತಾರೆ ಅಂದಳು. ನಾನು ಅಳಲಿಲ್ಲ.

ಮೇಷ್ಟ್ರು ಗದರಲಿಲ್ಲ. ಲ್ಯಾಬಿನ ಪುಸ್ತಕ ತರಿಸಿ ಆ ಪುಟ ತೆಗೆದರು. ನಮ್ಮಲ್ಲಿ ಒಂದು ನಿಯಮವಿದೆ. ಪುಸ್ತಕದಲ್ಲಿ ತಪ್ಪಾದರೆ ಅಳಿಸಬಾರದು, ಹಾಳೆ ಹರಿಯಬಾರದು, ಮಸಿ ಮೆತ್ತಿ ಮುಚ್ಚಬಾರದು. ತಪ್ಪು ಓದಲು ಬರುವ ಹಾಗೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಸರಿಯಾದದ್ದನ್ನು ಕೆಳಗೆ ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ನಾನು ಅಂಗಡಿಯ ಹೆಸರಿನ ಮೇಲೆ ಗೆರೆ ಎಳೆದೆ. ಕೆಳಗೆ, ಮನೆಯಿಂದ ತಂದ ಹಳೆಯ ಹತ್ತಿ ಬಟ್ಟೆ ಅಂತ ಬರೆಯಹೊರಟೆ. ಮೇಷ್ಟ್ರು ಪೆನ್ನಿನ ತುದಿ ಹಿಡಿದು ನಿಲ್ಲಿಸಿದರು. ಹಳೆಯದು ಅನ್ನುವುದು ವಿಳಾಸ ಅಲ್ಲಮ್ಮ, ಎಲ್ಲಿಯದು, ಎಷ್ಟು ವರ್ಷದ್ದು, ಯಾವುದರಲ್ಲಿ ಒಗೆದದ್ದು, ಎಷ್ಟು ಬಿಸಿ ನೀರಲ್ಲಿ, ಎಷ್ಟು ಸಲ, ಅಂಥದ್ದೇ ಬಟ್ಟೆ ಮತ್ತೆ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಬರೀ ನನ್ನ ಮಾತನ್ನು ಸಮಿತಿ ನಂಬುವುದಿಲ್ಲವಂತೆ. ಅಕ್ಕನನ್ನು ಉಳಿಸಲು ಕಿರಿಯವಳು ಕತೆ ಕಟ್ಟಿದಳು ಅನ್ನುತ್ತಾರಂತೆ. ಆ ಬಟ್ಟೆಯ ಸುಡದ ತುಂಡು ಒಂದಾದರೂ ಬೇಕು, ಅಂಥದ್ದೇ ಬಟ್ಟೆಯಿಂದ ಹೊಸದಾಗಿ ಒಂದು ಸಲ ಮಾಡಿ ತೋರಿಸಬೇಕು. ತುಂಡು ಉಳಿದಿದೆಯಾ ಅಂದರು. ನೋಡುತ್ತೇನೆ ಅಂದೆ. ಬಟ್ಟೆಯ ವಿಷಯ ತಂದೆಗೆ ಬರೆದು ಕೇಳುತ್ತೇನೆ ಅಂದೆ. ಪುಟದಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದೇವೆ.

ಅದಕ್ಕೇ ಈ ಕಾಗದ. ಆ ಬೆಡ್‌ಶೀಟ್‌ಗಳ ಬಟ್ಟೆ ಎಲ್ಲಿಯದು ಅಪ್ಪ? ಹೊಸ ಬಟ್ಟೆ ಕೊಂಡು ಹೊಲಿದೆ ಅಂತ ನೀನು ಮೇಟ್ರನ್‌ಗೆ ಹೇಳಿದ್ದು ನನಗೆ ನೆನಪಿದೆ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಅಮ್ಮ ಹೋಗಿ ಒಂದು ವರ್ಷವಾಗಿತ್ತು, ನಿನಗೆ ಪಾಳಿಯ ಕೆಲಸ, ನನ್ನನ್ನು ಬಿಡಲು ಬೇರೆ ಜಾಗ ಇರಲಿಲ್ಲ. ಬೇರೆ ಮಕ್ಕಳದು ಹೂವಿನ ಬೆಡ್‌ಶೀಟು, ಅಂಚಿಗೆ ಅವರವರ ಅಮ್ಮಂದಿರು ಹೆಸರು ಹೊಲಿದಿದ್ದರು. ನಂದು ಅಪ್ಪಟ ಬಿಳಿ, ಗೋಣಿ ಹೊಲಿದಂಥ ಉದ್ದುದ್ದ ಹೊಲಿಗೆ, ಒಂದು ಮೂಲೆಯನ್ನು ನೀನು ತ್ರಿಕೋನವಾಗಿ ಒಳಕ್ಕೆ ಮಡಚಿ ಹೊಲಿದಿದ್ದೆ. ಈ ಮೂಲೆ ಯಾಕೆ ಹೀಗೆ ಅಂತ ಮೇಟ್ರನ್ ಕೇಳಿದಾಗ, ಕಾಲು ಯಾವ ಕಡೆ ಅಂತ ಮಗುವಿಗೆ ಗೊತ್ತಾಗಲಿ ಅಂತ ನೀನು ಥಟ್ಟನೆ ಹೇಳಿದೆ. ಆ ಕಾಲಿನ ಕಡೆಯ ಮೂಲೆಯನ್ನು ನಾನು ಕಾಲ ಬೆರಳಲ್ಲಿ ಹಿಡಿದುಕೊಂಡೇ ಮಲಗುತ್ತಿದ್ದೆ. ದೊಡ್ಡ ಮಕ್ಕಳು ಆಡಿಕೊಂಡಾಗಲೂ ಹಾಗೇ.

ಪ್ರತಿ ವರ್ಷ ಶಾಲೆ ಶುರುವಾಗುವಾಗ ನೀನು ಎರಡೆರಡು ಕೊಟ್ಟೆ. ಹಾಸ್ಟೆಲು ಬಿಡುವಾಗ ನಾನು ಮಿಕ್ಕವನ್ನೆಲ್ಲ ಅಲ್ಲೇ ನೆಲ ಒರೆಸಲು ಕೊಟ್ಟು ಬಂದೆ, ಈಗ ಒಂದೂ ಇಲ್ಲ. ಹೊಲಿಯುವ ಮೊದಲು ಆ ಬಟ್ಟೆಯನ್ನು ನೀನು ಯಾವುದರಲ್ಲಿ ಕುದಿಸುತ್ತಿದ್ದೆ, ಸೋಡಾ ಎಷ್ಟು, ಎಷ್ಟು ಹೊತ್ತು, ನಿನಗೆ ನೆನಪಿದ್ದಷ್ಟು ಬರೆ. ನಾಲ್ಕು ಸಾಲು ಸಾಕು. ಈ ಕಾಗದ ಗುರುವಾರ ನಿನ್ನ ಕೈಗೆ ಸಿಗುತ್ತದೆ. ಅವತ್ತೇ ಹಾಕಿದರೆ ಶನಿವಾರ, ತಪ್ಪಿದರೆ ಸೋಮವಾರ ನನಗೆ ಸಿಗುತ್ತದೆ. ನೆನೆಸಿ, ಒಣಗಿಸಿ, ಕಾಯಿಸಿ, ತೊಳೆಯಲು ಮೂರು ದಿನ ಬೇಕು. ಗುರುವಾರ ರಾತ್ರಿಯಿಡೀ ಯಂತ್ರ ಬಗ್ಗಿಸುತ್ತದೆ. ಶುಕ್ರವಾರ ಸಮಿತಿ.

ಮೊಣಕಾಲಿಗೆ ಎಣ್ಣೆ ಹಚ್ಚುವುದು ಮರೆಯಬೇಡ. ಬಿಸಿ ಬಟ್ಟೆಯ ತೊಟ್ಟಿಯನ್ನು ಒಬ್ಬನೇ ಎತ್ತಬೇಡ, ಬಾಯ್ಲರ್ ಅಣ್ಣನನ್ನು ಕರೆ, ಅವನು ಬರೀ ಮಾತಲ್ಲೇ ಆವಿ ಬಿಡುತ್ತಾನೆ.

ನಿನ್ನ
ಇಲಿಮರಿ
(ಹೊಸ ಹೆಸರು, ನಿನಗೂ ಹಿಡಿಸಿದರೆ ಇಟ್ಟುಕೊ)

ತಾ.ಕ.

ಮೇಲಿನದನ್ನು ಬರೆದು ಮಡಚಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಓದಿ ನೋಡಿದರೆ ಕೊನೆಯ ಭಾಗ ಮತ್ತೆ ಭಾನುವಾರದ ಕಾಗದವೇ ಆಗಿದೆ. ಮೇಟ್ರನ್ ಇದ್ದಿದ್ದರೆ ಟಿಕ್ ಹಾಕುತ್ತಿದ್ದರು.

ಬಟ್ಟೆ ಎಲ್ಲಿಯದು ಅಂತ ನನಗೆ ಗೊತ್ತು ಅಪ್ಪ. ಒಂಬತ್ತನೇ ವಯಸ್ಸಿನಿಂದ ಗೊತ್ತು. ಕಾಲ ಬೆರಳಲ್ಲಿ ಎಳೆದೂ ಎಳೆದೂ ಒಂದು ದಿನ ಆ ಮೂಲೆಯ ಹೊಲಿಗೆ ಬಿಚ್ಚಿಕೊಂಡಿತು. ಒಳಗೆ ನಿಮ್ಮ ಆಸ್ಪತ್ರೆಯ ದುಂಡು ಮುದ್ರೆ ಇತ್ತು, ಏಳನೇ ವಾರ್ಡು ಅಂತ ಇತ್ತು, ಅದರ ಮೇಲೆ ಕೆಂಪಕ್ಷರದಲ್ಲಿ ರದ್ದು ಅಂತ ಇತ್ತು. ರದ್ದಾದದ್ದನ್ನು ಹರಿದು ನೆಲ ಒರೆಸಲು ಕೊಡುತ್ತಾರೆ ಅಂತ ನೀನೇ ಹೇಳಿದ್ದೆ. ಹರಿಯಬೇಕಾದದ್ದನ್ನು ನೀನು ಹರಿದಿರಲಿಲ್ಲ. ಮೂರು ದಿನ ಯಾರಿಗೂ ಕಾಣದ ಹಾಗೆ ದಿಂಬಿನಡಿ ಇಟ್ಟು, ಹೊಲಿಗೆ ಕ್ಲಾಸಿನಲ್ಲಿ ಸೂಜಿ ಕದ್ದು ನಾನೇ ಮತ್ತೆ ಹೊಲಿದೆ. ಅಲ್ಲಿ ನೀಲಿ ದಾರ ಮಾತ್ರ ಇತ್ತು. ನಿನ್ನ ಹೊಲಿಗೆ ಯಾವಾಗಲೂ ಬಿಳಿ.

ಆ ರಜೆಯಲ್ಲಿ ಗಂಟು ಮನೆಗೆ ತಂದಾಗ ನೀನೇ ಒಗೆದು ಹಗ್ಗಕ್ಕೆ ಹಾಕಿದೆ. ನೀನು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ವರ್ಷ ಕೊಟ್ಟ ಎರಡು ಬೆಡ್‌ಶೀಟಿನ ಮೂಲೆಯನ್ನೂ ನೀನು ನೀಲಿ ದಾರದಲ್ಲಿ ಹೊಲಿದಿದ್ದೆ. ಅದರ ಮುಂದಿನ ವರ್ಷವೂ. ಕೊನೆಯ ತನಕವೂ. ಬಿಳಿ ದಾರ ಮುಗಿದುಹೋಗಿತ್ತು ಅಂತ ಇವತ್ತಿನವರೆಗೂ ನಂಬಿದವಳ ಹಾಗೆ ನಟಿಸಿದ್ದೇನೆ. ಮನೆಯಲ್ಲಿ ನಿನ್ನ ಮಂಚಕ್ಕೆ ಮಾತ್ರ ಯಾವತ್ತೂ ಅಂಗಡಿಯ ಬಣ್ಣದ ಹೊದಿಕೆ. ನಿನಗಾಗಿ ಅಲ್ಲಿಂದ ಒಂದೇ ಒಂದು ಕರವಸ್ತ್ರವನ್ನೂ ತಂದವನಲ್ಲ ನೀನು.

ಸುಡದ ತುಂಡು ಇದೆ. ನನ್ನ ಪರ್ಸಿನಲ್ಲಿದೆ. ಪಟ್ಟಿ ಕತ್ತರಿಸಿದ ದಿನ ಎಲ್ಲವನ್ನೂ ಕತ್ತರಿಸಿ, ಆ ಮೂಲೆಯನ್ನು ಮಾತ್ರ ಕುಲುಮೆಗೆ ಹಾಕಲು ಕೈ ಬರಲಿಲ್ಲ. ಅಂಗೈಯಷ್ಟಿದೆ. ಮುದ್ರೆ ಅದರ ನಟ್ಟನಡುವೆ ಇದೆ, ಅದನ್ನು ಬಿಟ್ಟು ಕತ್ತರಿಸಿದರೆ ಪರೀಕ್ಷೆಗೆ ಸಾಲುವಷ್ಟು ಉಳಿಯುವುದಿಲ್ಲ. ಈ ತುಂಡು ಕೊಟ್ಟರೆ ಮೇಷ್ಟ್ರು ಅವತ್ತೇ ಆಸ್ಪತ್ರೆಗೆ ಫೋನು ಮಾಡಿ, ಆಳು ಕಳಿಸಿ ರದ್ದಾದ ಬೆಡ್‌ಶೀಟು ಕೇಳುತ್ತಾರೆ. ಆಸ್ಪತ್ರೆಯವರು ಕೊಡುತ್ತಾರೆ, ಹೊಸ ಪಟ್ಟಿ ಆಗುತ್ತದೆ, ಅಕ್ಕ ಉಳಿಯುತ್ತಾಳೆ. ಆದರೆ ಮೊದಲನೆಯದು ಹೇಗೆ ಹೊರಗೆ ಬಂತು ಅಂತ ಅವರು ಕೇಳದೆ ಬಿಡುವುದಿಲ್ಲ. ಮಡಿಸುವ ಮೇಜಿನ ಅತ್ತೆಯನ್ನು ನಾಲ್ಕು ಟವೆಲ್ ಒಯ್ದದ್ದಕ್ಕೆ ಕೆಲಸದಿಂದ ತೆಗೆದರು, ಇಪ್ಪತ್ತೆರಡು ವರ್ಷದ ಕೆಲಸ ಅಂತ ಹೋದ ತಿಂಗಳು ನೀನೇ ಹೇಳಿದೆ. ಹೇಳುವಾಗ ಸ್ಪೀಕರು ಆರಿಸಿದ್ದೆ. ನಿನಗೆ ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿದೆ.

ನನ್ನ ತಪ್ಪಿನ ಮೇಲೆ ನಾನು ಗೆರೆ ಎಳೆದಿದ್ದೇನೆ. ನಿನ್ನದನ್ನು ಬರೆಯುವ ಹಕ್ಕು ನನಗಿಲ್ಲ. ಅದು ತಪ್ಪು ಅಂತಲೂ ನಾನು ಅಂದುಕೊಂಡಿಲ್ಲ, ಆದರೆ ನಾನು ಅಂದುಕೊಂಡರೆ ಆಯಿತೇ. ಮತ್ತೆ ಸುಳ್ಳು ಬರೆಯಲಾರೆ, ಅಂಗಡಿಯದು ಅಂತ ನೀನೇ ಹೇಳಿಕೊಟ್ಟರೂ ಬರೆಯಲಾರೆ. ನನ್ನಿಂದ ಆಗುವುದು ಎರಡೇ. ಆ ಎರಡು ಸಾಲನ್ನು ತುಂಬುವುದು, ಇಲ್ಲ ಖಾಲಿ ಬಿಡುವುದು. ಖಾಲಿ ಬಿಟ್ಟರೆ ಅಕ್ಕ ಹೋಗುತ್ತಾಳೆ. ತುಂಬಿದರೆ ನೀನು. ನೀನು ಬೇಡ ಅಂದರೆ ಬೇಡ, ಯಾಕೆ ಅಂತ ಕೇಳುವುದಿಲ್ಲ, ಆ ಮೂಲೆಯನ್ನು ಮತ್ತೆ ಮಡಚಿ ಹೊಲಿದು ಇಟ್ಟುಕೊಳ್ಳುತ್ತೇನೆ. ಬರೆ ಅಂದರೆ ಬರೆಯುತ್ತೇನೆ, ಕೆಳಗೆ ನನ್ನ ಸಹಿ ಹಾಕುತ್ತೇನೆ, ನಿಮ್ಮ ಆಸ್ಪತ್ರೆಯವರು ಕರೆದ ದಿನ ರಜೆ ಹಾಕಿ ಬಂದು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ.

ಫೋನು ಮಾಡಬೇಡ. ಗುರುವಾರವೇ ಉತ್ತರ ಬರೆದು ಹಾಕು.